ಕೋಷ್ಟಕದಲ್ಲಿಲ್ಲದ ಮೂರು ಬಾವಿಗಳು

ಇಪ್ಪತ್ತೆರಡು ವರ್ಷ ನಾನು ನಮ್ಮೂರಿನ ವಿದ್ಯಾಶಾಲೆಯ ತ್ರೈಮಾಸಿಕದ ಸಂಪಾದಕನಾಗಿದ್ದೆ. ಊರು ಚಿಕ್ಕದು, ಪತ್ರಿಕೆ ಅದಕ್ಕಿಂತ ಚಿಕ್ಕದು. ಮುನ್ನೂರು ಪ್ರತಿ ಅಚ್ಚಾಗುತ್ತಿತ್ತು. ಆದರೂ ಪುರಸಭೆಯವರು ನಂಬುತ್ತಿದ್ದದ್ದು ಅದರಲ್ಲಿ ಬಂದದ್ದನ್ನು ಮಾತ್ರ. ಯಾವ ಹೊಲಕ್ಕೆ ಯಾವ ಗೊಬ್ಬರ, ಯಾವ ಜ್ವರಕ್ಕೆ ಯಾವ ಕಷಾಯ, ಸೇತುವೆಯ ಕಲ್ಲು ಎಷ್ಟು ಭಾರ ತಡೆದೀತು, ಎಲ್ಲಕ್ಕೂ ತ್ರೈಮಾಸಿಕದ ಪುಟ ತೋರಿಸಬೇಕಿತ್ತು. ನಾನು ಬೀದಿಯಲ್ಲಿ ನಡೆದರೆ ಅಂಗಡಿಯವರು ಎದ್ದು ನಿಲ್ಲುತ್ತಿದ್ದರು. ಅದು ನನಗೆ ಹಿತವಾಗಿತ್ತು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ನಮ್ಮೂರಿನಲ್ಲಿ ಒಂದು ಸಂಗತಿ ಯಾರ ತಲೆಯಲ್ಲಿ ಹುಟ್ಟಿತೋ ಅವರ ತಲೆಯಿಂದ, ಅದು ಅಚ್ಚಾದ ಗಳಿಗೆಯಲ್ಲಿ, ಹೋಗಿಬಿಡುತ್ತದೆ. ಮೊದಲ ಹಾಳೆ ಯಂತ್ರದಿಂದ ಹೊರಗೆ ಬರುವುದಕ್ಕೂ ಬರೆದವರು ಮರೆಯುವುದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರುವುದಿಲ್ಲ. ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಮಿಠಾಯಿ ಅಂಗಡಿಯವರು ಪಾಕದ ಹದವನ್ನು ಪ್ರಾಣ ಹೋದರೂ ಅಚ್ಚಿಗೆ ಕೊಡುವುದಿಲ್ಲ. ಅಣ್ಣನ ಮೇಲೆ ಸಿಟ್ಟಾಗಿ ಕರಪತ್ರ ಹಂಚಿದ ಒಬ್ಬ ಮರುದಿನ ಅಣ್ಣನ ಮನೆಯ ಪಂಕ್ತಿಯಲ್ಲೇ ಕೂತು, ಎಲ್ಲರೂ ಯಾಕೆ ಮುಖ ಮುಖ ನೋಡಿಕೊಳ್ಳುತ್ತಿದ್ದಾರೆಂದು ತಿಳಿಯದೆ, ಇನ್ನೊಂದು ಸೌಟು ಸಾರು ಕೇಳಿದ್ದನ್ನು ಈಗಲೂ ಹೇಳಿಕೊಂಡು ನಗುತ್ತಾರೆ. ಲೇಖನ ಬರೆದವರ ಮನೆಗೆ ನೆರೆಯವರು ಮರುದಿನ ಹೋಗಿ ಅದನ್ನು ಓದಿ ಹೇಳುತ್ತಾರೆ. ಬರೆದವರು ‘ಹೌದಾ, ನಾನೇ ಅಂದೆನಾ’ ಎಂದು ಕೇಳುತ್ತಾರೆ. ಇದಕ್ಕಾಗಿಯೇ ತ್ರೈಮಾಸಿಕಕ್ಕೆ ಒಂದು ನಿಯಮವಿತ್ತು: ಲೇಖನದ ಜೊತೆ ಟಿಪ್ಪಣಿ ಪುಸ್ತಕಗಳನ್ನೂ ಸಂಪಾದಕರ ಬಳಿ ಇಡಬೇಕು, ಅಚ್ಚಾದ ಮೇಲೆ ಸಂಪಾದಕರು ಅವನ್ನು ಬರೆದವರ ಕೈಗೇ ಮರಳಿಸಬೇಕು. ತಾನು ಏನು ಮಾಡಿದೆ ಎಂದು ಮನುಷ್ಯನಿಗೆ ತಿಳಿಯುವುದು ಆ ಪುಸ್ತಕಗಳಿಂದ. ಉಳಿದದ್ದೆಲ್ಲ ಬಿಟ್ಟರೂ ಸಂಪಾದಕನಾದವನು ಆ ಒಂದು ನಿಯಮವನ್ನು ಬಿಡಬಾರದು.

ನಾಗವೇಣಿ ನನ್ನ ಕೋಣೆಗೆ ಮೊದಲ ಸಲ ಬಂದಾಗ ಅವಳಿಗೆ ಇಪ್ಪತ್ತಾರು ವರ್ಷ. ನೇಕಾರರ ಕೇರಿಯ ಹುಡುಗಿ. ತಂದೆ ತಾಯಿ ಇರಲಿಲ್ಲ, ಓದು ಬಾರದ ಚಿಕ್ಕಮ್ಮನ ಜೊತೆ ಇದ್ದಳು. ವಿದ್ಯಾಶಾಲೆಯಲ್ಲಿ ಓದು ಮುಗಿಸಿ ಮೂರು ವರ್ಷದಿಂದ ಒಂದೇ ಕೆಲಸ ಹಿಡಿದಿದ್ದಳು. ಅವಳ ಕೇರಿಯ ಜನಕ್ಕೆ ಬೇಸಿಗೆ ಬಂದರೆ ಹೊಟ್ಟೆನೋವು, ವಾಂತಿ. ಬಣ್ಣಗಾರರು ಬಳಸಿದ ನೀರು ಚೆಲ್ಲುವ ಗುಂಡಿಯಿಂದ ಅದು ಬರುತ್ತಿದೆ ಎಂದು ಎಲ್ಲರಿಗೂ ಅನುಮಾನ, ಯಾರಿಗೂ ರುಜುವಾತಿಲ್ಲ. ಇವಳು ಆ ಗುಂಡಿಗೆ ಮೂಟೆಗಟ್ಟಲೆ ಉಪ್ಪು ಸುರಿಸಿ, ಮರುದಿನದಿಂದ ಬೆಳಗಾಗುತ್ತಲೇ ಊರಿನ ಮೂವತ್ತೊಂದು ಬಾವಿಗಳಿಗೂ ಹೋಗಿ ಒಂದೊಂದು ಗುಟುಕು ನೀರು ನಾಲಿಗೆಯ ಮೇಲಿಟ್ಟು ನೋಡಿದಳು. ಯಾವ ಬಾವಿಗೆ ಎಷ್ಟನೆಯ ದಿನ ಉಪ್ಪು ಬಂತು ಎಂದು ಬರೆದಳು. ಮೂರು ಬೇಸಿಗೆ ಹೀಗೆ ಮಾಡಿದಳು. ನನ್ನ ಮುಂದೆ ಏಳು ಟಿಪ್ಪಣಿ ಪುಸ್ತಕ, ಹದಿನಾಲ್ಕು ಪುಟದ ಲೇಖನ ಇಟ್ಟಾಗ ಅವಳ ತುಟಿ ಒಡೆದಿತ್ತು.

“ನಾಲಿಗೆ ಉರಿ ಇನ್ನೂ ಹೋಗಿಲ್ಲ ಸರ್. ಆದ್ರೆ ಒಂದು ದಿನಾನೂ ಬಿಟ್ಟಿಲ್ಲ,” ಎಂದಳು.

ನಾನು ಎರಡು ದಿನ ಕೂತು ಎಲ್ಲವನ್ನೂ ಓದಿದೆ. ಗುಂಡಿಯ ಪಡುವಣ ಬಾವಿಗಳಿಗೆ ಉಪ್ಪು ಒಂದೊಂದಾಗಿ, ಹನ್ನೊಂದು ದಿನದೊಳಗೆ ತಲುಪಿತ್ತು. ಮೂಡಣ ಬಾವಿಗಳಿಗೆ ಬಂದಿರಲಿಲ್ಲ, ಮೂರನ್ನು ಬಿಟ್ಟು. ಹುಣಸೆಮರದ ಬಾವಿ, ಕುಂಬಾರಗೇರಿಯ ಬಾವಿ, ಮಠದ ಹಿಂದಿನ ಬಾವಿ: ಈ ಮೂರಕ್ಕೆ ಇಪ್ಪತ್ತಾರನೆಯ ದಿನ ಉಪ್ಪು ಬಂದಿತ್ತು. ಮೂರು ಬೇಸಿಗೆಯೂ ಹಾಗೆಯೇ. ಯಾಕೆಂದು ತನಗೆ ಗೊತ್ತಿಲ್ಲ, ನೆಲದಡಿ ಹಳೆಯ ಕಲ್ಲುಗಾಲುವೆ ಏನಾದರೂ ಇರಬಹುದು, ತಿಳಿಯುವವರೆಗೆ ಆ ಕಡೆಯೂ ನಂಬಿಕೆಯಿಲ್ಲ ಎಂದು ನೇರವಾಗಿ ಬರೆದಿದ್ದಳು. ಇಷ್ಟು ಚೊಕ್ಕವಾದ ಲೇಖನ ನನ್ನ ಮೇಜಿಗೆ ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ನಿಯಮದಂತೆ ಅದನ್ನು ಪರಿಶೀಲನೆಗೆ ಪ್ರಾಧ್ಯಾಪಕ ಗುರುಸಿದ್ಧಪ್ಪನವರಿಗೆ ಕಳಿಸಿದೆ. ಅವರು ವಿದ್ಯಾಶಾಲೆಯ ಮುಖ್ಯಸ್ಥರು, ನೀರಿನ ವಿಷಯದಲ್ಲಿ ಊರಿಗೆ ದೊಡ್ಡವರು. ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದವರೂ ಅವರೇ. ಹತ್ತು ದಿನದ ಮೇಲೆ ಲೇಖನವನ್ನು ತಾವೇ ತಂದು ಮೇಜಿನ ಮೇಲಿಟ್ಟರು. ಮೇಲೆ ನಾಗವೇಣಿಯ ಹೆಸರಿದ್ದ ಜಾಗದಲ್ಲಿ ಅವರ ಹೆಸರಿತ್ತು. ಕೋಷ್ಟಕದಲ್ಲಿ ಆ ಮೂರು ಬಾವಿಗಳ ಸಾಲು ಹೊಡೆದು ಹಾಕಿದ್ದರು.

ನಾನು ಅವರ ಮುಖ ನೋಡಿದೆ.

“ಹಾಗೆ ನೋಡ್ಬೇಡಿ,” ಎಂದರು ಗುರುಸಿದ್ಧಪ್ಪನವರು. “ನೇಕಾರರ ಹುಡುಗಿ ಬರೆದಿದ್ದನ್ನ ಪುರಸಭೆಯವರು ಓದ್ತಾರಾ? ಬಣ್ಣಗಾರರು ನಾಳೆನೇ ಬಂದು ಗಲಾಟೆ ಮಾಡ್ತಾರೆ, ಅಲ್ಲಿಗೆ ಮುಗೀತು. ನನ್ನ ಹೆಸರಿದ್ರೆ ಒಂದು ತಿಂಗಳಲ್ಲಿ ಕೆಲಸ ಆಗುತ್ತೆ. ನಿಮಗೆ ಹೆಸರು ಮುಖ್ಯವೋ, ಜನರ ಹೊಟ್ಟೆ ಮುಖ್ಯವೋ?”

“ಆದ್ರೂ, ಆ ಹುಡುಗಿ...”

“ಆ ಹುಡುಗಿಗೆ ಏನು ನೋವಾಗುತ್ತೆ ಹೇಳಿ. ಅಚ್ಚಾದ ಗಳಿಗೇಲಿ ಮರೆತೇ ಹೋಗುತ್ತಲ್ಲ. ಕಳಕೊಂಡದ್ದು ಗೊತ್ತಾದ್ರೆ ತಾನೆ ದುಃಖ?”

“ಈ ಮೂರು ಬಾವಿ ಯಾಕೆ ತೆಗೆದ್ರಿ?”

“ಅಳತೆ ತಪ್ಪಿರಬೇಕು ಬಿಡಿ. ನಾಲಿಗೆ ಸೋತಿರುತ್ತೆ. ಇಪ್ಪತ್ತೆಂಟು ಬಾವಿ ಒಂದು ಮಾತು ಹೇಳ್ವಾಗ ಮೂರು ಬಾವಿ ಅಡ್ಡ ಬಂದ್ರೆ ಓದೋರಿಗೆ ಗೊಂದಲ. ‘ಮೂಡಣ ದಿಕ್ಕು ಸುರಕ್ಷಿತ’ ಅಂತ ಒಂದೇ ಮಾತಲ್ಲಿ ಮುಗಿಸಿದ್ದೀನಿ.”

ಅಳತೆ ತಪ್ಪಿರಲಿಲ್ಲ ಎಂದು ನನಗೆ ಗೊತ್ತಿತ್ತು. ಏಳು ಪುಸ್ತಕಗಳನ್ನೂ ನಾನು ನೋಡಿದ್ದೆ, ಅವರು ನೋಡಿರಲಿಲ್ಲ. ‘ಇದು ಆಗುವುದಿಲ್ಲ’ ಎಂಬ ಎರಡು ಪದ ಸಾಕಾಗಿತ್ತು. ಆ ವರ್ಷ ತ್ರೈಮಾಸಿಕವನ್ನು ನಿಲ್ಲಿಸಿಬಿಡುವ ಮಾತು ನಡೆದಿತ್ತು, ಅದನ್ನು ತಡೆದವರು ಅವರು, ಅದು ನೆನಪಾಯಿತು. ಜನರ ಹೊಟ್ಟೆಯ ಮಾತೂ ಸುಳ್ಳೆನಿಸಲಿಲ್ಲ. ಮನುಷ್ಯ ತಪ್ಪು ಮಾಡಲು ಒಪ್ಪುವಾಗ ಅವನಿಗೆ ಕಾರಣಗಳ ಕೊರತೆ ಬೀಳುವುದಿಲ್ಲ. ನಾನು ಲೇಖನವನ್ನು ಅಚ್ಚುಮನೆಗೆ ಕಳಿಸಿದೆ. ನಾಗವೇಣಿ ದಾರಿಯಲ್ಲಿ ಸಿಕ್ಕಾಗ, “ಮುಂದಿನ ಸಂಚಿಕೇಲಿ ಬರುತ್ತಮ್ಮ,” ಎಂದೆ. ಅದು ಸುಳ್ಳಾಗಿರಲಿಲ್ಲ, ಅಷ್ಟು ಜಾಣತನ ನನಗಿತ್ತು.

ಅಚ್ಚಾದ ಮರುದಿನ ಗುರುಸಿದ್ಧಪ್ಪನವರ ಮನೆಯಲ್ಲಿ ಓದು. ಅವರು ಜಮಖಾನೆಯ ಮೇಲೆ ಕೂತು, ಪ್ರತಿ ಪುಟಕ್ಕೂ ಹುಬ್ಬೇರಿಸಿ, “ಅಬ್ಬ, ನಾನು ಇಷ್ಟೆಲ್ಲ ಮಾಡಿದೆನೇ?” ಎಂದು ಕೇಳುತ್ತಿದ್ದರು. ಮರೆತವರು ಹೇಗೆ ಕೂರುತ್ತಾರೆಂದು ಎಷ್ಟು ಜನರನ್ನು ನೋಡಿದ್ದೇನೆ. ಅವರ ನಟನೆಯಲ್ಲಿ ಒಂದು ಎಳೆ ತಪ್ಪಿರಲಿಲ್ಲ. ಟಿಪ್ಪಣಿ ಪುಸ್ತಕಗಳನ್ನು ನಾನು ಅವರಿಗೂ ಕೊಡಲಿಲ್ಲ, ಅವಳಿಗೂ ಕೊಡಲಿಲ್ಲ. ನನ್ನ ಬೀರುವಿನ ಕೆಳಗಿನ ಅರೆಯಲ್ಲಿಟ್ಟು ಬೀಗ ಹಾಕಿದೆ.

ಮೂರು ವಾರ ಕಳೆದ ಮೇಲೆ ನಾಗವೇಣಿ ಬಂದಳು. ಕೈಯಲ್ಲಿ ತ್ರೈಮಾಸಿಕವಿತ್ತು. ಮುಖದಲ್ಲಿ ಸಿಟ್ಟಿರಲಿ ಎಂದು ನಾನು ಹಾರೈಸಿದೆನೋ ಏನೋ, ಇರಲಿಲ್ಲ.

“ಎಷ್ಟು ಚೆನ್ನಾಗಿ ಬರೆದಿದ್ದಾರೆ ಸರ್ ಅವರು! ನಾಲ್ಕು ಸಲ ಓದಿದೆ. ಇಂಥದ್ದೊಂದು ಬರೆಯೋಕೆ ನನ್ನ ಕೈಲಿ ಯಾವತ್ತಾದ್ರೂ ಆಗುತ್ತಾ ಅನ್ನಿಸ್ತು,” ಎಂದಳು. ಆಮೇಲೆ ಕುರ್ಚಿಯ ಅಂಚಿಗೆ ಕೂತು, “ನಾನು ಅವರಿಗೋಸ್ಕರ ನೀರಿನ ರುಚಿ ನೋಡ್ತಿದ್ದೆ ಅಂತ ಕೇರಿಯವರೆಲ್ಲ ಹೇಳ್ತಾರೆ. ನನಗೆ ಮೂರು ವರ್ಷದ್ದು ಏನೂ ನೆನಪಿಲ್ಲ ಸರ್. ಯಾರ ತಲೆಯಿಂದ ಬಂತೋ ಅವರಿಗೆ ಮಾತ್ರ ತಾನೆ ಮರೆವು? ಬರೀ ಕೈಕೆಲಸ ಮಾಡಿದ ನನಗ್ಯಾಕೆ ಬಂತು?” ಎಂದು ಕೇಳಿದಳು.

ನಾನು ಸಿದ್ಧನಾಗಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. “ನಿನಗೆ ಆಗ ಜ್ವರ ಬಂದಿತ್ತಲ್ಲಮ್ಮ. ಕೆಟ್ಟ ನೀರು ಅಷ್ಟು ಕುಡಿದ್ರೆ ತಲೆಗೆ ಹತ್ತದೆ ಇರುತ್ತಾ?”

“ಪೂರ್ತಿ ಮರೆತಿದ್ರೆ ಹೌದು ಅನ್ಕೋತಿದ್ದೆ. ಆದ್ರೆ ಮೂರು ಬಾವಿ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಹುಣಸೆಮರದ್ದು, ಕುಂಬಾರಗೇರಿದು, ಮಠದ ಹಿಂದಿಂದು. ಅಲ್ಲಿ ಉಪ್ಪು ತಡವಾಗಿ ಬಂತು. ಇಪ್ಪತ್ತಾರನೇ ದಿನ. ಹಗ್ಗ ಎಷ್ಟು ಒರಟಾಗಿತ್ತು ಅನ್ನೋದೂ ನೆನಪಿದೆ. ಈ ಲೇಖನದಲ್ಲಿ ಅವು ಇಲ್ವೇ ಇಲ್ಲ. ಪುರಸಭೆಯವರು ಕುಂಬಾರಗೇರೀಲೇ ದೊಡ್ಡ ಬಾವಿ ತೋಡಿಸ್ತಾರಂತೆ, ‘ಮೂಡಣ ದಿಕ್ಕು ಸುರಕ್ಷಿತ’ ಅಂತ ಬಂದಿದೆ ಅಂತ. ಯಾರಿಗಾದ್ರೂ ಹೇಳ್ಬೇಕಲ್ವಾ ಸರ್?”

ಅಚ್ಚಾದದ್ದು ಹೋಗುತ್ತದೆ. ಅಚ್ಚಾಗದೆ ಬಿಟ್ಟದ್ದು ಹೋಗುವುದಿಲ್ಲ. ಅಷ್ಟು ಸುಲಭದ ಲೆಕ್ಕ ನನಗೂ ಹೊಳೆದಿರಲಿಲ್ಲ, ಗುರುಸಿದ್ಧಪ್ಪನವರಿಗೂ ಹೊಳೆದಿರಲಿಲ್ಲ. ಆ ಮೂರು ಸಾಲನ್ನು ಅವರು ಹೊಡೆದು ಹಾಕಿದ್ದರಿಂದಲೇ ಅವು ಅವಳ ತಲೆಯಲ್ಲಿ ಉಳಿದುಕೊಂಡಿದ್ದವು. ಅವಳು ನನ್ನಿಂದ ನಾಲ್ಕು ಮೊಳ ದೂರದಲ್ಲಿ ಕೂತಿದ್ದಳು, ಅವಳ ಏಳು ಪುಸ್ತಕ ನನ್ನ ಬೆನ್ನ ಹಿಂದಿನ ಬೀರುವಿನಲ್ಲಿತ್ತು. ಕೀಲಿಕೈ ನನ್ನ ಜೇಬಿನಲ್ಲಿತ್ತು.

“ಅದು ಜ್ವರದ ಭ್ರಮೆ ತಾಯಿ,” ಎಂದೆ. “ಇಲ್ಲದ್ದು ಇದ್ದ ಹಾಗೆ ಕಾಣುತ್ತೆ. ಪ್ರಾಧ್ಯಾಪಕರು ಮೂರು ವರ್ಷ ಕಷ್ಟಪಟ್ಟು ಮಾಡಿದ್ದನ್ನ ಭ್ರಮೆಯಿಂದ ಅಲ್ಲಗಳೆಯೋಕಾಗುತ್ತಾ? ಹೊರಗೆ ಹೇಳ್ಕೊಂಡು ತಿರುಗ್ಬೇಡ, ಜನ ನಗ್ತಾರೆ.”

ಅವಳು ತನ್ನ ಅಂಗೈ ನೋಡಿಕೊಂಡಳು. “ಹಾಗಿದ್ರೆ ಸರಿ ಸರ್,” ಎಂದು ಎದ್ದು ಹೋದಳು. ವಿದ್ಯಾಶಾಲೆಗೆ ಮತ್ತೆ ಬರಲಿಲ್ಲ. ತನ್ನ ತಲೆಯನ್ನೇ ನಂಬಲಾಗದವಳು ಇನ್ನೇನು ಸಂಶೋಧನೆ ಮಾಡಿಯಾಳು? ಹೊಳೆಯ ದೋಣಿಗಟ್ಟೆಯಲ್ಲಿ ಚೀಟಿ ಹರಿದು ಕೊಡುವ ಕೆಲಸಕ್ಕೆ ಸೇರಿದಳೆಂದು ಆಮೇಲೆ ತಿಳಿಯಿತು. ನಾನು ದೋಣಿ ಹತ್ತುವುದನ್ನೇ ಬಿಟ್ಟು ಸೇತುವೆಯ ಮೇಲೆ ಸುತ್ತಿ ಹೋಗತೊಡಗಿದೆ.

ಕುಂಬಾರಗೇರಿಯಲ್ಲಿ ದೊಡ್ಡ ಬಾವಿ ಆಯಿತು. ಪಡುವಣ ಬಾವಿಗಳನ್ನು ಮುಚ್ಚಿದರು. ಎರಡು ಬೇಸಿಗೆ ಏನೂ ಆಗಲಿಲ್ಲ. ಗುರುಸಿದ್ಧಪ್ಪನವರಿಗೆ ಸನ್ಮಾನವಾಯಿತು, ಅವರ ಪಕ್ಕದಲ್ಲಿ ನಾನೂ ಹಾರ ಹಾಕಿಸಿಕೊಂಡು ಕೂತಿದ್ದೆ. ಊರಿಗೆ ಊರೇ ಒಂದೇ ಬಾವಿಯಿಂದ ಸೇದತೊಡಗಿದ್ದರಿಂದ ನೆಲದಡಿಯ ನೀರು ಆ ಕಡೆಗೆ ಎಳೆಯುತ್ತಾ ಬಂದಿರಬೇಕು. ಮೂರನೆಯ ಬೇಸಿಗೆಯಲ್ಲಿ ವಾಂತಿ ಶುರುವಾಯಿತು, ಮೊದಲು ಕುಂಬಾರಗೇರಿಯಲ್ಲಿ. ನೀರಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ, ನೀರು ಸುರಕ್ಷಿತ ಎಂದು ಅಚ್ಚಾಗಿತ್ತಲ್ಲ. ವಾಂತಿಯಾದವರಿಗೆ ಅದೇ ನೀರನ್ನು ಇನ್ನಷ್ಟು ಕುಡಿಸಿದರು. ಏಳು ಜನ ಸತ್ತರು. ಏಳನೆಯವಳು ಕಾಳಮ್ಮ, ನಮ್ಮ ಅಚ್ಚುಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುವ ಮೋನಪ್ಪನ ಹೆಂಡತಿ.

ಹದಿಮೂರು ದಿನ ಕಳೆದು ಮೋನಪ್ಪ ಕೆಲಸಕ್ಕೆ ಬಂದ. ಮೊಳೆಗಳ ಮುಂದೆ ನಿಲ್ಲದೆ ನೇರವಾಗಿ ನನ್ನ ಕೋಣೆಗೆ ಬಂದು ಬಾಗಿಲಲ್ಲಿ ನಿಂತ. ಅವನು ಇಷ್ಟು ವರ್ಷದಲ್ಲಿ ಒಮ್ಮೆಯೂ ನನ್ನ ಮುಂದೆ ದನಿಯೆತ್ತಿದವನಲ್ಲ, ಆವತ್ತೂ ಎತ್ತಲಿಲ್ಲ.

“ಸ್ವಾಮಿ, ಆ ನೀರಿನ ಲೇಖನ ನಾನೇ ಜೋಡ್ಸಿದ್ದು. ಮೊದಲು ಮೂವತ್ತೊಂದು ಸಾಲು ಜೋಡ್ಸಿದ್ದೆ. ಹೊಡೆದು ಹಾಕಿರೋದು ನನ್ನ ಕಣ್ಣಿಗೆ ಬಿದ್ದಿರ್ಲಿಲ್ಲ. ಕರಡು ನೋಡಿ ನೀವು ಮೂರು ಸಾಲು ತೆಗಿ ಅಂದ್ರಿ. ತೆಗೆದೆ. ಅದರಲ್ಲಿ ಕುಂಬಾರಗೇರಿ ಅಂತ ಇತ್ತು. ನಮ್ಮ ಕೇರಿ ಹೆಸರಲ್ವಾ, ಅದಕ್ಕೇ ಜ್ಞಾಪಕ ಇದೆ. ಯಾಕೆ ತೆಗೆಸಿದ್ರಿ ಸ್ವಾಮಿ?”

ಅವನಿಗೆ ಸುಳ್ಳು ಹೇಳಲು ನನ್ನ ಬಾಯಿ ಏಳಲಿಲ್ಲ. ಎಲ್ಲವನ್ನೂ ಹೇಳಿದೆ. ಅವನು ನಿಂತಲ್ಲೇ ಕೇಳಿದ. ನಾನು ಮುಗಿಸಿದ ಮೇಲೆ, “ನನ್ನ ಕೈಯಿಂದಲೇ ತೆಗೆಸಿದ್ರಲ್ಲ,” ಎಂದ, ಅಷ್ಟೆ. ಸಂಜೆಯೊಳಗೆ ಅವನೂ ಅವನ ಕೇರಿಯವರೂ ದೊಡ್ಡ ಬಾವಿಯ ಹಗ್ಗ ಕಿತ್ತು, ಬಾಯಿಗೆ ಹಲಗೆ ಹೊಡೆದರು. ಮರುದಿನ ಪುರಸಭೆಯವರು ಬಂದು, ಹದಿನೈದು ದಿನದೊಳಗೆ ಅಚ್ಚಿನಲ್ಲಿ ರುಜುವಾತು ತೋರಿಸದಿದ್ದರೆ ಹಲಗೆ ತೆಗೆಸುತ್ತೇವೆ ಎಂದು ಹೇಳಿ ಹೋದರು.

ನಾನು ಗುರುಸಿದ್ಧಪ್ಪನವರ ಮನೆಗೆ ಹೋದೆ. ಆ ಮೂರು ಬಾವಿಗಳ ಬಗ್ಗೆ ತಿದ್ದುಪಡಿ ಹಾಕಬೇಕು, ನಿಮ್ಮ ಸಹಿ ಬೇಕು ಎಂದೆ. ಅವರು ಉಯ್ಯಾಲೆಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು.

“ಯಾವ ಮೂರು ಬಾವಿ? ಅಚ್ಚಾದ ಮೇಲೆ ನನಗೇನು ನೆನಪಿರುತ್ತೆ ಹೇಳಿ. ನಿಮ್ಮ ಹತ್ರ ಇದ್ದ ಪುಸ್ತಕ, ನೀವು ನೋಡಿದ ಕರಡು. ತಪ್ಪಾಗಿದ್ರೆ ಸಂಪಾದಕರದ್ದೇ ಅಲ್ವೇ?” ಎಂದರು. ಅವರ ಕಣ್ಣನ್ನು ನೋಡಿದೆ. ಇಷ್ಟು ವರ್ಷ ನಟಿಸಿ ನಟಿಸಿ ಅವರು ನಿಜವಾಗಿಯೂ ಮರೆತಿದ್ದರೋ, ಇಲ್ಲವೋ, ನನಗೆ ಗೊತ್ತಾಗಲಿಲ್ಲ. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು.

ಏಳು ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ದೋಣಿಗಟ್ಟೆಗೆ ಹೋದೆ. ಮಧ್ಯಾಹ್ನ, ಜನವಿರಲಿಲ್ಲ. ನಾಗವೇಣಿ ತಗಡಿನ ಗೂಡಿನೊಳಗೆ ಕೂತಿದ್ದಳು. ಕಿವಿಯ ಹತ್ತಿರ ಎರಡು ಮೂರು ಬಿಳಿಕೂದಲು ಬಂದಿತ್ತು. “ಆಚೆ ದಡಕ್ಕಾ ಸರ್?” ಎಂದು ಚೀಟಿಗೆ ಕೈ ಹಾಕಿದಳು. ನಾನು ಅಲ್ಲವೆಂದು ಹೇಳಿ ಪುಸ್ತಕಗಳನ್ನು ಅವಳ ಮುಂದಿಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದೆ.

ಅವಳು ಮೊದಲ ಪುಸ್ತಕ ತೆರೆದಳು. ತನ್ನ ಅಕ್ಷರವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಎರಡು ದೋಣಿ ಬಂದು ಹೋದವು, ಚೀಟಿ ಕೊಟ್ಟಳು, ಮತ್ತೆ ಓದಿದಳು. “ಅಕ್ಷರ ನಂದೇ. ಆದ್ರೆ ಬೇರೆ ಯಾರದೋ ಪತ್ರ ಕದ್ದು ಓದಿದ ಹಾಗಾಗ್ತಿದೆ,” ಎಂದಳು. ಐದನೆಯ ಪುಸ್ತಕದ ನಡುವೆ ಎಲ್ಲೋ ಅವಳ ಕೈ ನಿಂತಿತು. ಹುಣಸೆಮರದ ಬಾವಿ, ಇಪ್ಪತ್ತಾರನೆಯ ದಿನ, ಉಪ್ಪು.

“ಹಾಗಾದ್ರೆ ನನ್ನ ತಲೆ ಸರಿಯಾಗೇ ಇತ್ತು,” ಎಂದಳು.

“ನನ್ನನ್ನ ಕ್ಷಮಿಸಮ್ಮ.”

“ಯಾವುದಕ್ಕೆ ಸರ್? ಲೇಖನ ಹೋಗಿದ್ದಕ್ಕಾ? ಅದು ನನಗೆ ನೆನಪೇ ಇಲ್ಲ, ಕ್ಷಮಿಸೋಕೆ ಅಲ್ಲೇನಿದೆ? ಆದ್ರೆ ಆವತ್ತು ನಿಮ್ಮ ಕೋಣೇಲಿ ‘ಭ್ರಮೆ ತಾಯಿ’ ಅಂದ್ರಲ್ಲ, ಅದು ಚೆನ್ನಾಗಿ ನೆನಪಿದೆ. ತಾಯಿ ಅಂದ್ರಿ. ಇಷ್ಟು ವರ್ಷ ಒಲೆ ಆರಿಸಿದೀನಾ, ಬಾಗಿಲು ಹಾಕಿದೀನಾ ಅಂತ ಹತ್ತು ಸಲ ಎದ್ದು ನೋಡಿದ್ದೀನಿ, ನನ್ನ ತಲೆ ಮೇಲೆ ನನಗೆ ನಂಬಿಕೆ ಇಲ್ಲದೆ. ಅದನ್ನ ನಾನು ಕ್ಷಮಿಸಲ್ಲ.”

ಅವಳು ಕೂಗಲಿಲ್ಲ. ಹೊಳೆಯ ಸದ್ದಿನಲ್ಲಿ ಅವಳ ಮಾತು ಕೇಳಲು ನಾನೇ ಬಾಗಬೇಕಾಯಿತು.

ಆಮೇಲೆ ಅವಳೇ ಕೇಳಿದಳು, ಈಗ ಏನು ಮಾಡಬೇಕೆಂದು. ಆ ಮೂರು ಸಾಲು ಅವಳ ಹೆಸರಿನಲ್ಲಿ ಅಚ್ಚಾಗಬೇಕು, ಜೊತೆಗೆ ನನ್ನ ತಪ್ಪೊಪ್ಪಿಗೆ ನನ್ನ ಹೆಸರಿನಲ್ಲಿ, ಎಂದೆ. ಹೇಳಿದ ಮೇಲೆ ನಾನು ಏನು ಕೇಳುತ್ತಿದ್ದೇನೆಂದು ನನಗೇ ಅರ್ಥವಾಯಿತು. ತನ್ನ ಮೂರು ವರ್ಷದಲ್ಲಿ ಅವಳಿಗೆ ಉಳಿದಿದ್ದದ್ದು ಆ ಮೂರು ಬಾವಿ ಮಾತ್ರ. ಅಚ್ಚಾದರೆ ಅದೂ ಹೋಗುತ್ತದೆ. ಬೇರೆ ದಾರಿ ಹುಡುಕೋಣ, ಪುರಸಭೆಯವರಿಗೆ ಬಾಯಲ್ಲೇ ಹೇಳಿ ನೋಡೋಣ ಎಂದು ತಡವರಿಸಿದೆ.

“ಬಾಯಲ್ಲಿ ಹೇಳಿದ್ದನ್ನ ಅವರು ಯಾವತ್ತು ಕೇಳಿದ್ದಾರೆ ಸರ್? ಹದಿನೈದು ದಿನ ಆದ್ರೆ ಹಲಗೆ ತೆಗೀತಾರೆ. ಮತ್ತೆ ಅದೇ ನೀರು ಕುಡೀತಾರೆ,” ಎಂದಳು. “ಹಾಕಿಸಿ. ಆದ್ರೆ ಮೊದಲು ನಾನು ಒಂದು ಸಲ ಆ ಮೂರು ಕಡೆಗೂ ಹೋಗಿ ಬರ್ತೀನಿ.”

ನಿನ್ನೆ ಬೆಳಿಗ್ಗೆ ಹೋದಳು. ಮೋನಪ್ಪ ಜೊತೆಗಿದ್ದ, ನಾನು ಇಪ್ಪತ್ತು ಹೆಜ್ಜೆ ಹಿಂದಿದ್ದೆ. ಹತ್ತಿರ ಬರಬೇಡಿ ಎಂದು ಅವಳು ಹೇಳಿರಲಿಲ್ಲ, ಬನ್ನಿ ಎಂದೂ ಹೇಳಿರಲಿಲ್ಲ. ಒಂದೊಂದು ಬಾವಿಯ ಕಟ್ಟೆಯ ಮೇಲೂ ಕೂತು, ಹಗ್ಗ ಮುಟ್ಟಿ, ಒಳಗೆ ಬಗ್ಗಿ ನೋಡಿದಳು. ಮಠದ ಹಿಂದಿನ ಬಾವಿಯ ಹತ್ತಿರ ಮೋನಪ್ಪನಿಗೆ ಏನನ್ನೋ ಕೈಸನ್ನೆ ಮಾಡಿ ವಿವರಿಸುತ್ತಾ ಒಮ್ಮೆ ನಕ್ಕಳು. ಅವಳು ಒಳ್ಳೆಯ ಮೇಷ್ಟರಾಗಬಹುದಿತ್ತು. ಈ ಊರಿನ ನೀರಿನ ವಿಷಯವನ್ನೆಲ್ಲ ನಾವು ಅವಳಿಂದ ಕಲಿಯಬಹುದಿತ್ತು.

ನಾಳೆ ಅಚ್ಚು. ಗುರುಸಿದ್ಧಪ್ಪನವರ ಹೆಸರು ತೆಗೆದು ಲೇಖನವನ್ನು ಪೂರ್ತಿಯಾಗಿ, ಮೂವತ್ತೊಂದು ಬಾವಿಗಳೊಂದಿಗೆ, ಅವಳ ಹೆಸರಿನಲ್ಲಿ ಹಾಕುತ್ತಿದ್ದೇವೆ. ಅದರ ಕೆಳಗೆ ನನ್ನ ತಪ್ಪೊಪ್ಪಿಗೆ, ಇಪ್ಪತ್ತು ಸಾಲು. ಮೋನಪ್ಪ ಜೋಡಿಸಿ ಮುಗಿಸಿದ್ದಾನೆ. ಒಂದು ಅಕ್ಷರವನ್ನೂ ಮೃದು ಮಾಡಲು ಅವನು ನನಗೆ ಬಿಡಲಿಲ್ಲ. ನನ್ನ ರಾಜೀನಾಮೆ ಕೊಟ್ಟಾಗಿದೆ. ಈ ಕುರ್ಚಿಗೆ ಬರುತ್ತಿರುವವರು ನೀವು, ಅದಕ್ಕೆ ನಿಮ್ಮನ್ನು ಕರೆಸಿ ಇಷ್ಟನ್ನೂ ಬಾಯಲ್ಲಿ ಹೇಳಿದೆ. ನಾಳೆಯಿಂದ ನನ್ನನ್ನು ಕೇಳಿದರೆ ಪ್ರಯೋಜನವಿಲ್ಲ. ನಾನು ಮಾಡಿದ್ದು ನನ್ನ ತಲೆಯಿಂದಲೇ ಬಂದದ್ದು, ಯಂತ್ರ ಅದನ್ನೂ ಒಯ್ಯುತ್ತದೆ. ಇಂಥದ್ದನ್ನು ಓದಿ ಹೇಳಲು ನೆರೆಯವರು ಯಾರೂ ನನ್ನ ಮನೆಗೆ ಬರಲಾರರು. ಶಿಕ್ಷೆ ಎಂದು ಬರೆಯಲು ಕೂತವನಿಗೆ ಕೊನೆಯಲ್ಲಿ ಸಿಗುತ್ತಿರುವುದು ಬಿಡುಗಡೆ, ನೋಡಿ. ನನಗೆ ಅತ್ಯಂತ ನಾಚಿಕೆಯಾಗುವುದು ಇದಕ್ಕೆ.

ಅವಳು ತನ್ನ ಬಾವಿಗಳನ್ನು ಮರೆಯುತ್ತಾಳೆ. ‘ಭ್ರಮೆ ತಾಯಿ’ ಎಂದ ನನ್ನ ಮಾತು ಮಾತ್ರ ಅವಳದ್ದಲ್ಲ, ನನ್ನದು. ಅದು ಅವಳ ತಲೆಯಿಂದ ಹೋಗುವುದಿಲ್ಲ. ಇನ್ನು ಯಾವಾಗಲಾದರೂ ನಾನು ಏನೂ ಅರಿಯದವನಂತೆ ದೋಣಿಗಟ್ಟೆಗೆ ಹೋಗುತ್ತೇನೆ, ಗೂಡಿನೊಳಗೆ ಬಗ್ಗಿ, ಚೆನ್ನಾಗಿದ್ದೀಯೇನಮ್ಮ ಎಂದು ಕೇಳುತ್ತೇನೆ. ಅವಳು ಚೀಟಿ ಹರಿದು ಕೊಟ್ಟು ಮುಖ ಆಚೆ ತಿರುಗಿಸುತ್ತಾಳೆ. ನಾನು ದೋಣಿಯಲ್ಲಿ ಕೂತು, ಈ ಹೆಣ್ಣುಮಗಳಿಗೆ ನನ್ನ ಮೇಲೆ ಏನು ಸಿಟ್ಟಿರಬಹುದು ಎಂದು ಯೋಚಿಸುತ್ತಾ ಆಚೆ ದಡ ಸೇರುತ್ತೇನೆ.